ಹನ್ನೊಂದು ಕೀಲಿಕೈಗಳ ತಂಪು ಕೋಣೆ

ಡಿಗ್ರಿಯಣ್ಣನ ಹಣೆ ಮುಟ್ಟಿ ನೋಡಿದವರು ಜ್ವರವಿದೆ ಎಂದೇ ಹೇಳುತ್ತಿದ್ದರು. ಜ್ವರವಲ್ಲ, ಅದು ಚಿಂತೆಯ ಕಾವು. ಮೂವತ್ತೊಂದು ವರ್ಷ ಊರಿನ ಫ್ರಿಜ್ಜುಗಳನ್ನೆಲ್ಲ ತಣ್ಣಗಿಡುತ್ತ ಬಂದ ಈ ಮೆಕ್ಯಾನಿಕ್ ತಾನು ಮಾತ್ರ ಒಂದು ದಿನವೂ ತಣ್ಣಗಿದ್ದವನಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಬೆನ್ನು ತಿರುಗಿಸಿದ್ದ ಅವನಿಗೆ ಊರಿನವರು ‘ಡಿಗ್ರಿ’ ಕೊಟ್ಟಿದ್ದು ಅವನ ಮಾತಿನ ಚಾಳಿಗೆ. ‘ಹೇಗಿದ್ದೀಯಪ್ಪಾ’ ಎಂದು ಕೇಳಿದರೆ ‘ನೆರಳಲ್ಲಿ ಮೂವತ್ಮೂರು ಡಿಗ್ರಿ, ಇನ್ನೂ ಏರೋ ಹಾಗಿದೆ’ ಎನ್ನುವವನು. ನೆಂಟರ ಮನೆಗೆ ಊಟಕ್ಕೆ ಹೋದರೆ ಕೈ ತೊಳೆಯುವ ಮೊದಲು ಅವರ ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಕೇಳುವವನು.

“ನಾನು ಗಂಡನ್ನ ಕಟ್ಕೊಂಡಿಲ್ಲ, ಕಂಪ್ರೆಸರ್ ಕಟ್ಕೊಂಡಿದ್ದೀನಿ. ಸದಾ ಗುರ್ ಅಂತಾನೇ ಇರುತ್ತೆ,” ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪಾರ್ಸೆಲ್ ತೂಗಿ ತೂಗಿ ಮನುಷ್ಯರನ್ನೂ ಒಂದೇ ನೋಟಕ್ಕೆ ತೂಗುವುದು ಅಭ್ಯಾಸವಾಗಿತ್ತು.

ಇಂಥವನ ಕೊರಳಿಗೆ ಊರಿನ ತಂಪು ಕೋಣೆ ಬಂದು ಬಿದ್ದದ್ದು ಒಂದು ಚೀಲ ಕ್ಯಾರೆಟ್ಟಿನ ದೆಸೆಯಿಂದ.

ನಿವೃತ್ತರಾದ ಮೇಷ್ಟ್ರೊಬ್ಬರು ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಕ್ಯಾರೆಟ್ ಬೆಳೆಯುತ್ತಿದ್ದರು. ಊರಂಚಿನ ಉಳಿದವರಂತೆ ಅವರೂ ಅದನ್ನು ಲಾರಿಗೆ ಹೇರಿ ದೂರದ ದೊಡ್ಡ ಮಾರುಕಟ್ಟೆಗೆ ಕಳಿಸುತ್ತಿದ್ದರು. ಒಮ್ಮೆ ಹರ್ನಿಯಾ ಆಪರೇಷನ್ನಿಗೆಂದು ಊರಿನ ಆಸ್ಪತ್ರೆ ಸೇರಿದ ಮೇಷ್ಟ್ರು, ಮೆಲ್ಲಗೆ ನಡೆದಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಗೋಡೆ ಹಿಡಿದು ನಡೆಯುತ್ತ ಅಡುಗೆಮನೆಯ ಬಾಗಿಲವರೆಗೆ ಹೋದರು. ಅಲ್ಲೊಂದು ಗೋಣಿಚೀಲ ಕೂತಿತ್ತು. ಅದರ ಬಾಯಿಗೆ ನೀಲಿ ಉಲ್ಲನ್ ದಾರದ ಹೊಲಿಗೆ. ಅದು ಅವರ ಹೆಂಡತಿಯ ಕೈಯ ಹೊಲಿಗೆ. ಮೊಮ್ಮಗನ ಸ್ವೆಟರಿನಲ್ಲಿ ಮಿಕ್ಕ ದಾರ.

“ನನ್ನ ಕ್ಯಾರೆಟ್ಟು ನನಗಿಂತ ಹೆಚ್ಚು ದೇಶ ಸುತ್ತಿದೆ ಕಣ್ರಯ್ಯಾ,” ಎಂದರು ಮೇಷ್ಟ್ರು, ನೋಡಲು ಬಂದವರೆದುರು ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ನಗುತ್ತ. “ನಾನು ಮನೆಯಿಂದ ಹತ್ತು ನಿಮಿಷ ನಡ್ಕೊಂಡು ಇಲ್ಲಿಗೆ ಬಂದೆ. ಅದು ಎರಡು ದಿನ ಹೋಗಿ, ಎರಡು ದಿನ ವಾಪಸು ಬಂದಿದೆ. ಡ್ರಿಪ್ ಹಾಕಬೇಕಾಗಿರೋದು ನನಗಲ್ಲ, ಅದಕ್ಕೆ.”

ನಗು ಮುಗಿದ ಮೇಲೆ ವಿಷಯ ಉಳಿಯಿತು. ಊರಂಚಿನ ಹನ್ನೊಂದು ಮಂದಿ ಬೆಳೆಗಾರರು ಒಟ್ಟಿಗೆ ಕೂತು ಮಾತಾಡಿದರು. ಆಸ್ಪತ್ರೆಗೆ ಇಲ್ಲಿಂದಲೇ ತರಕಾರಿ ಕೊಟ್ಟರೇನು? ಕೊಡಬಹುದು. ಆದರೆ ಆಸ್ಪತ್ರೆಗೆ ವಾರದ ತರಕಾರಿ ಗುರುವಾರ ಬೆಳಿಗ್ಗೆ ಒಂದೇ ಸಲಕ್ಕೆ ಬೇಕು. ಇವರದೆಲ್ಲ ಅಂಗೈಯಗಲದ ತೋಟಗಳು. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಕೊಯ್ದು ಕೂಡಿಸಬೇಕು. ಕೂಡಿಸಿಟ್ಟದ್ದು ಬಾಡಬಾರದು. ಪೇಟೆ ಬೀದಿಯಲ್ಲಿ ಮುಚ್ಚಿಹೋದ ಐಸ್‌ಕ್ರೀಂ ಅಂಗಡಿಯೊಂದರ ಪಕ್ಕದಲ್ಲಿ, ಬೀದಿಗೇ ಬಾಗಿಲಿರುವ, ಹತ್ತಡಿ ಅಗಲ, ಹತ್ತಡಿ ಉದ್ದದ ತಂಪು ಕೋಣೆಯೊಂದು ಪಾಳು ಬಿದ್ದಿತ್ತು. ಅಂಗಡಿಯವನು ಕೈ ಮುಗಿದು ಕೊಟ್ಟ. ಉಳಿದದ್ದು ಯಂತ್ರ. ಹಾಗೆ ಎಲ್ಲರ ಕಣ್ಣೂ ಮೂಲೆಯಲ್ಲಿ ಕೂತಿದ್ದ ಡಿಗ್ರಿಯಣ್ಣನ ಮೇಲೆ ಬಿತ್ತು. ಅವನು ಬೆಳೆಗಾರನಲ್ಲ, ಮನೆಯಲ್ಲೊಂದು ಮೆಣಸಿನ ಗಿಡವನ್ನೂ ನೆಟ್ಟವನಲ್ಲ. ಎಲೆಕೋಸು ಬೆಳೆಯುವ ಅವನ ಭಾವ, ಅಂದರೆ ಅಕ್ಕನ ಗಂಡ, ‘ಸುಮ್ನೆ ಬಂದು ಕೂತ್ಕೋ’ ಎಂದು ಕರೆತಂದಿದ್ದ.

“ನಾಲ್ಕು ಡಿಗ್ರಿ ನಿಲ್ಲುತ್ತೇನಯ್ಯಾ?” ಎಂದು ಭಾವ ಕೇಳಿದ.

ಯಾರ ಫ್ರಿಜ್ಜಿಗೂ ‘ನೋಡೋಣ’ ಎನ್ನುವುದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟವನಲ್ಲ ಡಿಗ್ರಿಯಣ್ಣ. ಅವತ್ತು ಏನು ಮೈಮೇಲೆ ಬಂದಿತ್ತೋ, ಎದ್ದು ನಿಂತು, “ನಾಲ್ಕು ಅಂದ್ರೆ ನಾಲ್ಕೇ. ನನ್ನ ಮಾತು,” ಎಂದುಬಿಟ್ಟ. ಕೂರುವಷ್ಟರಲ್ಲಿ ಮಾತು ವಾಪಸು ತೆಗೆದುಕೊಳ್ಳೋಣವೆನ್ನಿಸಿತು. ಆದರೆ ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.

ಆಸ್ಪತ್ರೆಯ ಅಡುಗೆಮನೆಯನ್ನು ನೋಡಿಕೊಳ್ಳುವ ಮೇಡಂ ಮಾತಿನಲ್ಲಿ ಬಲು ಜಿಪುಣಿ. ಇವರ ನಿಯೋಗವನ್ನು ನಿಲ್ಲಿಸಿಕೊಂಡೇ ಕೇಳಿ, “ಒಂದು ಗುರುವಾರ ನೋಡ್ತೀನಿ. ಚೆನ್ನಾಗಿದ್ರೆ ವರ್ಷಪೂರ್ತಿ ನೀವೇ ಕೊಡಿ. ಇನ್ನೂರು ಜನ ರೋಗಿಗಳು ನನಗೆ. ಕೊಳೆತದ್ದು ಬಂದ್ರೆ ಶುಕ್ರವಾರದಿಂದ ಈಗಿನ ಲಾರಿಯವನೇ ವರ್ಷಪೂರ್ತಿ ತರ್ತಾನೆ. ಅವನ ಕಾಗದ ಮೇಜಿನ ಮೇಲೇ ಇದೆ, ಸಹಿ ಒಂದೇ ಬಾಕಿ,” ಎಂದರು. ಅಷ್ಟೇ. ಹನ್ನೊಂದು ತೋಟಗಳ ಒಂದು ವರ್ಷ ಒಂದು ಗುರುವಾರಕ್ಕೆ ಬಂದು ನಿಂತಿತು. ಆ ಗುರುವಾರ ಡಿಗ್ರಿಯಣ್ಣನ ನಾಲ್ಕು ಡಿಗ್ರಿಯ ಮೇಲೆ ನಿಂತಿತು.

ಯಂತ್ರ ಸರಿಯಾಯಿತು. ಬಾಗಿಲಿನ ಅಂಚಿಗೆ ಹೊಸ ರಬ್ಬರ್ ಬಂತು. ಹೊರಗಡೆ ಉಷ್ಣತೆ ತೋರಿಸುವ ಮುಳ್ಳು ಐಸ್‌ಕ್ರೀಂ ಕಾಲದಲ್ಲೇ ಸತ್ತಿತ್ತು. ‘ಒಳಗೊಂದು ಇದೆಯಲ್ಲ, ಸಾಕು’ ಎಂದು ಅವನು ಅದನ್ನು ಹಾಗೇ ಬಿಟ್ಟ. ಆಮೇಲೆ ಬಂತು ಕೀಲಿಕೈಯ ಪ್ರಶ್ನೆ. ಕೋಣೆ ಯಾರದು? ಎಲ್ಲರದು. ಹಾಗಾದರೆ ಕೀಲಿಕೈ? ಒಬ್ಬರ ಕೈಗೆ ಕೊಟ್ಟರೆ ಅವರು ಯಜಮಾನರಾಗುತ್ತಾರೆ, ಇಬ್ಬರಿಗೆ ಕೊಟ್ಟರೆ ಎರಡು ಪಾರ್ಟಿಯಾಗುತ್ತದೆ ಎಂದು ಎರಡು ಗಂಟೆ ಚರ್ಚೆ ನಡೆದು, ಕೊನೆಗೆ ಹನ್ನೊಂದು ಕೀಲಿಕೈ ಮಾಡಿಸಿದರು. ಡಿಗ್ರಿಯಣ್ಣನದು ಮೂಲ ಕೀಲಿಕೈ, ಅದು ಲೆಕ್ಕಕ್ಕಿಲ್ಲ. ಬಾಗಿಲಿಗೆ ಮೇಷ್ಟ್ರು ಗುಂಡು ಅಕ್ಷರದಲ್ಲಿ ಒಂದು ಕಾಗದ ಬರೆದು ಅಂಟಿಸಿದರು: ‘ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಾತ್ರ ತೆರೆಯತಕ್ಕದ್ದು.’

ಸೋಮವಾರ ಬೆಳಿಗ್ಗೆ ಮೊದಲ ಕ್ರೇಟುಗಳು ಒಳಗೆ ಹೋದವು. ಮುಳ್ಳು ನಾಲ್ಕಕ್ಕೆ ನಿಂತಿತ್ತು. ಡಿಗ್ರಿಯಣ್ಣ ಅದನ್ನು ಮೊದಲ ಸಂಬಳ ನೋಡಿದ ಹಾಗೆ ನೋಡಿದ. ಸಂಜೆ ನೋಡಿದರೆ ಆರು.

‘ಹೊಸ ಸರಕು, ಬಿಸಿಲಿನ ಕಾವು ಒಳಗೆ ಬಂದಿದೆ, ಇಳಿಯುತ್ತೆ’ ಎಂದು ತನಗೆ ತಾನೇ ಹೇಳಿಕೊಂಡ. ಮಂಗಳವಾರ ಬೆಳಿಗ್ಗೆ ಏಳು. ಯಂತ್ರ ಬಿಚ್ಚಿದ. ಒಳಗೆ ಗಾಳಿ ತಂಪು ಮಾಡುವ ಸುರುಳಿಯ ಮೇಲೆ ಬೆರಳು ದಪ್ಪ ಮಂಜುಗಡ್ಡೆ ಕಟ್ಟಿತ್ತು. ಮಂಜು ಹೀಗೆ ಕಟ್ಟಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಕೋಣೆ ತಣಿಯುವುದಿಲ್ಲ. ಹೊರಗಿನ ಹಸಿ ಗಾಳಿ ಒಳಗೆ ಹೋದರಷ್ಟೇ ಇಷ್ಟು ಮಂಜು ಕಟ್ಟುವುದು. ಅವನು ಬಿಸಿನೀರು ಸುರಿದು ಕರಗಿಸಿ, ರಬ್ಬರಿನ ಉದ್ದಕ್ಕೂ ಬೆರಳಾಡಿಸಿ ಸೀಳಿದೆಯೇ ಎಂದು ಹುಡುಕಿದ. ಇರಲಿಲ್ಲ.

ಸೊಪ್ಪು ಬೆಳೆಯುವ ಹೆಂಗಸು ಆಗ ಅಲ್ಲಿಗೆ ಬಂದಳು. ಊರಿಗೆಲ್ಲ ಅವಳು ಸೊಪ್ಪಿನಕ್ಕ. ಗಂಡ ತೀರಿಕೊಂಡ ಮೇಲೆ ಬಾವಿಯ ಸುತ್ತಲಿನ ಹತ್ತು ಸೊಪ್ಪಿನ ಮಡಿಗಳಲ್ಲಿ ಬದುಕು ಕಟ್ಟಿಕೊಂಡವಳು. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

“ಅಣ್ಣಾ, ಸೊಪ್ಪು ಚೆನ್ನಾಗಿದೆಯಾ?”

“ಅಕ್ಕಾ, ನೀವು ಬಾಗಿಲು ತೆಗೆದಿದ್ರಾ?”

“ನಾನಾ? ಒಂದೇ ಒಂದು ಸಲ. ಅದೂ ಇಷ್ಟೇ ಇಷ್ಟು.” ಎರಡು ಬೆರಳುಗಳ ನಡುವೆ ಸಂದು ತೋರಿಸಿದಳು.

ಭಾವನನ್ನು ಕೇಳಿದ. “ನನಗೇನು ಬೇರೆ ಕೆಲಸ ಇಲ್ವೇನಯ್ಯಾ? ಒಂದು ಸಲ ಹೋಗಿದ್ದೆ, ಎಲೆಕೋಸು ಒಂದೇ ಮಗ್ಗುಲಲ್ಲಿ ಮಲಗಿದ್ರೆ ಕಲೆ ಬೀಳುತ್ತೆ, ತಿರುಗಿಸಿ ಬಂದೆ. ನಿನ್ನ ಯಂತ್ರ ನೋಡ್ಕೋ.” ಮೇಷ್ಟ್ರನ್ನು ಕೇಳುವ ಧೈರ್ಯವಾಗಲಿಲ್ಲ, ಕಾಗದ ಬರೆದವರೇ ಅವರು.

ಅಲ್ಲಿಗೆ ತಪ್ಪು ಯಂತ್ರದ್ದು. ಯಂತ್ರದ್ದು ಎಂದರೆ ಅವನದ್ದು. ಮಂಗಳವಾರ ಪೂರ್ತಿ ಅವನು ಕೋಣೆಯ ಒಳಗೂ ಹೊರಗೂ ಓಡಾಡಿದ. ಹೊಸ ಗ್ಯಾಸ್ ತುಂಬಿದ, ಫ್ಯಾನು ಬದಲಿಸಿದ. ಅರ್ಧ ಗಂಟೆಗೊಮ್ಮೆ ಒಳಗೆ ಹೋಗಿ ಮುಳ್ಳಿನೆದುರು ನಿಂತು, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಹಾಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದ. ಸಂಜೆಗೆ ಎಂಟು. ಊಟಕ್ಕೆ ಕೂತವನು ಅನ್ನದಲ್ಲಿ ಬೆರಳಿನಿಂದ ಸುರುಳಿ ಬರೆಯುತ್ತಿದ್ದ.

“ಏನ್ರೀ, ಎಷ್ಟಂತೆ ಇವತ್ತು?” ಎಂದಳು ಹೆಂಡತಿ.

“ಎಂಟು.”

“ನಿಮ್ಮ ಮುಖ ನೋಡಿದ್ರೆ ನೂರಾ ನಾಲ್ಕು ಅನ್ನೋ ಹಾಗಿದೆ.” ಅವನು ನಗಲಿಲ್ಲವೆಂದು ಕಂಡು ಅವಳ ದನಿ ಇಳಿಯಿತು. “ಯಾರಾದ್ರೂ ಬೇರೆ ಮೆಕ್ಯಾನಿಕ್ಕನ್ನ ಕರೆಸಬಾರದಾ?”

ಆ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತು. ಚುಚ್ಚಬೇಕೆಂದು ಅವಳು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಬುಧವಾರ ಬೆಳಿಗ್ಗೆ ಒಂಬತ್ತು ಡಿಗ್ರಿ. ಸೊಪ್ಪಿನ ಎರಡು ಕ್ರೇಟುಗಳ ಮೇಲಿನ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಮೇಡಂ ಬರಲು ಇಪ್ಪತ್ತಮೂರು ಗಂಟೆ ಬಾಕಿ. ಡಿಗ್ರಿಯಣ್ಣ ಹೊರಗೆ ಬಂದು ಎದುರಿನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

ಆ ಅಂಗಡಿಯ ಟೈಲರಮ್ಮ ಐವತ್ತು ದಾಟಿದವಳು. ಕಾಲು ಮಷೀನಿನ ಮೇಲೆ, ಕಣ್ಣು ಬೀದಿಯ ಮೇಲೆ. ಅವಳಿಗೆ ತರಕಾರಿಯ ಗೊಡವೆಯಿಲ್ಲ, ಸಭೆಗೆ ಬಂದವಳಲ್ಲ.

“ಅಣ್ಣಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಬಾಗಿಲು ಮೆಲ್ಲಗೆ ಹಾಕೋಕೆ ಬರಲ್ವಾ ನಿಮಗೆಲ್ಲ? ಧಡ್ ಅಂತ ಹಾಕಿದಾಗೆಲ್ಲ ನನ್ನ ಸೂಜಿ ಎಗರುತ್ತೆ. ನಿನ್ನೆ ಒಂದೇ ದಿನ ನಲವತ್ತಮೂರು ಸಲ.”

“ಎಷ್ಟು ಸಲ?”

“ನಲವತ್ಮೂರು. ಗುಂಡಿ ಎಣಿಸೋ ಅಭ್ಯಾಸ ನೋಡಿ, ಏನು ಸದ್ದಾದ್ರೂ ಎಣಿಸಿಬಿಡ್ತೀನಿ.” ಕತ್ತರಿಸುವ ಮೇಜಿನ ಅಂಚು ತೋರಿಸಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಎಳೆದ ಗೀಟುಗಳು, ಐದೈದರ ಕಟ್ಟು ಮಾಡಿ ಸಾಲಾಗಿ ನಿಂತಿದ್ದವು.

ಡಿಗ್ರಿಯಣ್ಣ ಗೀಟುಗಳ ಮೇಲೆ ಬಾಗಿದ. “ಯಾರು ಯಾರು ಬಂದ್ರು?”

“ಎಲ್ಲರೂ ಬರ್ತಾರಪ್ಪ. ಸೊಪ್ಪಿನಕ್ಕ ಚೊಂಬಲ್ಲಿ ನೀರು ತಗೊಂಡು ಬಂದು ಸೊಪ್ಪಿಗೆ ಚಿಮುಕಿಸಿ ಹೋಗ್ತಾಳೆ, ದಿನಕ್ಕೆ ಐದಾರು ಸಲ. ನಿಮ್ಮ ಭಾವ ಎಲೆಕೋಸು ಹೊರಳಿಸೋಕೆ. ಮೇಷ್ಟ್ರು ಬಂದು ಕ್ರೇಟು ಎಣಿಸ್ತಾರೆ, ಹಾಜರಿ ತಗೊಳ್ಳೋ ಹಾಗೆ. ಉಳಿದೋರು ಸುಮ್ನೆ ತಲೆ ಹಾಕಿ, ತಣ್ಣಗಿದೆಯಾ ಅಂತ ಕೈ ಆಡಿಸಿ ಹೋಗ್ತಾರೆ. ಎಲ್ಲರಿಗೂ ಒಂದೇ ಭಯ, ಪಾಪ.”

“ನೋಡಿದ್ರಾ!” ಎಂದು ಅವನು ತೊಡೆ ತಟ್ಟಿದ. ಎರಡು ದಿನದಲ್ಲಿ ಮೊದಲ ಸಲ ಬೆನ್ನು ನೆಟ್ಟಗಾಯಿತು. “ನನ್ನ ಯಂತ್ರದಲ್ಲಿ ತಪ್ಪಿಲ್ಲ ಅಂತ ನಾನು ಬಡ್ಕೊಂಡೆ. ಕೇಳೋರು ಯಾರು? ಇವರ ಕೈಗೆ ಕೀಲಿಕೈ ಕೊಟ್ಟಿದ್ದೇ ತಪ್ಪು. ಯಾರು ಜಾಸ್ತಿ ಬಂದಿರೋದು, ಹೇಳಿಬಿಡಿ.”

ಟೈಲರಮ್ಮ ಹಲ್ಲಿನ ನಡುವಿನ ದಾರ ಕಚ್ಚಿ ತುಂಡು ಮಾಡಿದಳು. “ನೀವು. ಹದಿನೆಂಟು.”

ಹದಿನೆಂಟು. ತನ್ನದು ಮೂಲ ಕೀಲಿಕೈ, ಅದು ಲೆಕ್ಕಕ್ಕಿಲ್ಲ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು, ನಾಚಿಕೆಯಾಗಿ ಹಿಂದೆ ಸರಿಯಿತು. ಕೋಣೆ ತಣ್ಣಗಿದೆಯೇ ಎಂದು ನೋಡಲು ಹೋಗಿ ಹೋಗಿಯೇ ಹನ್ನೆರಡು ಜನ ಸೇರಿ ಅದನ್ನು ಬಿಸಿ ಮಾಡಿದ್ದರು, ಮುಂದಾಳಾಗಿ ತಾನು.

ಅರ್ಧ ಗಂಟೆಯೊಳಗೆ ಎಲ್ಲರನ್ನೂ ಹೊಲಿಗೆ ಅಂಗಡಿಯೆದುರು ಸೇರಿಸಿದ. ವಿಷಯ ಹೇಳಿದ. ತನ್ನ ಹದಿನೆಂಟನ್ನು ಮೊದಲೇ ಹೇಳಿದ್ದರಿಂದ ಯಾರಿಗೂ ಎಗರಾಡಲು ಆಗಲಿಲ್ಲ. ಎಲ್ಲರೂ ತಮ್ಮ ತಮ್ಮ ಕೀಲಿಕೈ ಮುಟ್ಟಿ ನೋಡಿಕೊಂಡರು.

“ಒಂದೇ ಸಲ ಅಂದ್ಯಲ್ಲಮ್ಮಾ,” ಎಂದ ಭಾವ ಸೊಪ್ಪಿನಕ್ಕನಿಗೆ.

“ಒಂದೊಂದು ಸಲಾನೂ ಒಂದೇ ಸಲ ಅಲ್ವಾ,” ಎಂದಳು ಅವಳು ಮೆಲ್ಲಗೆ. ಕಣ್ಣು ತುಂಬಿತ್ತು. “ನನ್ನ ಸೊಪ್ಪು ಹೋಯ್ತಾ ಅಣ್ಣಾ?”

ಅವನು ಕೋಣೆಯ ಬಾಗಿಲಿನ ಕಡೆ ತಿರುಗಿದ. “ಮಂಜು ಕರಗಿಸಿ ಈಗಲೇ ಮುಚ್ಚಿದ್ರೆ ನಾಳೆ ಬೆಳಿಗ್ಗೆ ಹೊತ್ತಿಗೆ ಇಳೀಬಹುದು. ಆದ್ರೆ ಯಾರೂ ತೆಗೀಬಾರದು. ಯಾರೂ ಅಂದ್ರೆ ನಾನೂ.”

“ತೆಗೀದೆ ಒಳಗೆ ಎಷ್ಟಿದೆ ಅಂತ ಹೇಗಯ್ಯಾ ತಿಳಿಯೋದು?” ಎಂದರು ಮೇಷ್ಟ್ರು.

“ತಿಳಿಯಲ್ಲ ಮೇಷ್ಟ್ರೇ.”

ಮೇಷ್ಟ್ರು ಜೇಬಿನಿಂದ ತಮ್ಮ ಕೀಲಿಕೈ ತೆಗೆದು ಸ್ವಲ್ಪ ಹೊತ್ತು ನೋಡಿದರು. ಯಾರ ಕೈಗೆ ಕೊಡುವುದು? ತಮ್ಮೊಳಗೆ ಯಾರ ಕೈಗೆ ಕೊಟ್ಟರೂ ಮಧ್ಯಾಹ್ನದೊಳಗೆ ಒಂದು ಸಲ ಇಣುಕಿಯೇ ಇಣುಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇಕಾದದ್ದು ಆ ಕೋಣೆಯ ಬಗ್ಗೆ ಒಂದು ಚೂರೂ ಚಿಂತೆಯಿಲ್ಲದ ಮನುಷ್ಯ. ಎಲ್ಲರೂ ತಿರುಗಿ ಟೈಲರಮ್ಮನನ್ನು ನೋಡಿದರು.

“ನನಗೇನಪ್ಪಾ, ಸದ್ದಿಲ್ಲದಿದ್ರೆ ಸರಿ,” ಎಂದು ಅವಳು ಹನ್ನೆರಡು ಕೀಲಿಕೈಗಳನ್ನೂ ಒಂದು ದಾರಕ್ಕೆ ಪೋಣಿಸಿ, ಅಳತೆ ಪಟ್ಟಿಯ ಜೊತೆ ಕೊರಳಿಗೆ ಹಾಕಿಕೊಂಡು ಮಷೀನು ತುಳಿಯತೊಡಗಿದಳು.

ಉಳಿದ ಕ್ರೇಟುಗಳನ್ನೂ ಒಳಗಿಟ್ಟು, ಮಂಜು ಕರಗಿಸಿ, ಹತ್ತು ಗಂಟೆಗೆ ಬಾಗಿಲು ಮುಚ್ಚಿದರು.

ನೋಡಬಾರದು ಎಂದರೆ ನೋಡಬೇಕೆನ್ನಿಸುವುದು ಎಷ್ಟು ದೊಡ್ಡ ಹಿಂಸೆ ಎಂಬುದು ಡಿಗ್ರಿಯಣ್ಣನಿಗೆ ಆ ಬುಧವಾರ ತಿಳಿಯಿತು. ಮನೆಗೆ ಹೋಗಲಾರ, ಕೋಣೆಯ ಹತ್ತಿರ ಹೋಗಲಾರ. ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀದಿಯಾಚೆಯ ಯಂತ್ರಕ್ಕೆ ಕಿವಿಕೊಟ್ಟ. ಕಂಪ್ರೆಸರ್ ಓಡುತ್ತಲೇ ಇತ್ತು. ಹನ್ನೊಂದಕ್ಕೂ, ಹನ್ನೆರಡಕ್ಕೂ. ಓಡುತ್ತಲೇ ಇದೆ ಎಂದರೆ ಒಳಗೆ ಇನ್ನೂ ಬಿಸಿಯಿದೆ ಎಂದರ್ಥ. ಮೇಷ್ಟ್ರು ಬಂದು ಏನೂ ಕೇಳದೆ ಐದು ನಿಮಿಷ ನಿಂತು ಹೋದರು. ಭಾವ ಸೈಕಲ್ಲಿನಲ್ಲಿ ಮೂರು ಸಲ ಆ ಬೀದಿಯಲ್ಲಿ ಹೋದ. ಮೂರು ಸಲವೂ ಪೆಟ್ರೋಲ್ ಬಂಕಿಗೆ ಹೊರಟಿದ್ದೇನೆ ಎಂದ.

ಎರಡೂಮುಕ್ಕಾಲಿಗೆ ಸದ್ದು ನಿಂತಿತು.

ಡಿಗ್ರಿಯಣ್ಣ ಎದ್ದು ನಿಂತ. ಕಂಪ್ರೆಸರ್ ತಾನಾಗಿ ನಿಂತರೆ ಎರಡು ಅರ್ಥ: ಒಂದೋ ಕೋಣೆ ತಣಿದಿದೆ, ಇಲ್ಲವೋ ಮೋಟಾರು ಕಾದು ಸತ್ತಿದೆ. ತಣಿದಿದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಓಡಬೇಕು. ಸತ್ತಿದ್ದರೆ ಈ ಕ್ಷಣ ಬಾಗಿಲು ತೆಗೆದು ತರಕಾರಿಯನ್ನೆಲ್ಲ ಹೊರಗೆ ಸಾಗಿಸಬೇಕು. ಅವನ ಕೈ ತಾನಾಗಿಯೇ ಟೈಲರಮ್ಮನ ಕೊರಳಿನ ಕಡೆ ಚಾಚಿತು.

“ಊಹೂಂ,” ಎಂದಳು ಅವಳು, ಬಟ್ಟೆಯಿಂದ ಕಣ್ಣೆತ್ತದೆ.

“ಅಮ್ಮಾ, ಮೋಟಾರು ಸುಟ್ಟಿದ್ರೆ?”

“ಸುಟ್ಟ ವಾಸನೆ ಬರ್ತಿದೆಯಾ?”

ಅವನು ಮೂಗು ಅರಳಿಸಿದ. ಬರುತ್ತಿದ್ದದ್ದು ಇಸ್ತ್ರಿಪೆಟ್ಟಿಗೆಯ ವಾಸನೆ. ಆರು ನಿಮಿಷ. ಏಳು. ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ತಂದ ಹೆಂಡತಿ, ಗಂಡ ಬೀದಿಯ ನಡುವೆ ಒಂದು ಕಾಲು ಮುಂದಿಟ್ಟು ಕಲ್ಲಾಗಿ ನಿಂತದ್ದು ನೋಡಿ ತಾನೂ ನಿಂತಳು.

“ಏನಾಯ್ತ್ರೀ?”

“ಮಾತಾಡಬೇಡ.”

ಒಂಬತ್ತು ನಿಮಿಷ. ಹತ್ತು. ಅವನ ಬೆನ್ನಿನ ಮೇಲೆ ಬೆವರು ಹರಿಯಿತು. ನಿನ್ನೆ ರಾತ್ರಿ ತಾನು ಆಡಿದ ಮಾತು ಹೆಂಡತಿಗೆ ನೆನಪಾಯಿತೋ ಏನೋ, ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿ ಅವನ ಮಣಿಕಟ್ಟು ಹಿಡಿದುಕೊಂಡಳು. ಹನ್ನೊಂದನೇ ನಿಮಿಷಕ್ಕೆ ಬೀದಿಯಾಚೆ ಯಂತ್ರ ಒಮ್ಮೆ ಕೆಮ್ಮಿ, ಗುರ್ ಎಂದಿತು.

“ನನ್ನ ಜೀವಮಾನದಲ್ಲಿ ಈ ಸದ್ದು ಇಷ್ಟು ಚೆನ್ನಾಗಿ ಕೇಳಿಸಿರಲಿಲ್ಲ,” ಎಂದಳು ಅವಳು. “ಬನ್ನಿ, ಊಟ ಮಾಡಿ.”

ಅವನು ಉಂಡ. ಆದರೆ ಹನ್ನೊಂದು ನಿಮಿಷ ಯಾಕೆ, ಹತ್ತೇ ಯಾಕಾಗಲಿಲ್ಲ ಎಂಬ ಹೊಸ ಚಿಂತೆ ಮೊಸರನ್ನದ ನಡುವೆ ಶುರುವಾಗಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ವ್ಯಾನು ಬಂತು. ಹನ್ನೊಂದು ಬೆಳೆಗಾರರೂ ಏಳಕ್ಕೇ ಬಂದು, ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ನಿಂತಿದ್ದರು. ಮೇಡಂ ಇಳಿದರು. ಟೈಲರಮ್ಮ ಕೊರಳಿನ ದಾರ ತೆಗೆದು ಬೀಗ ತೆರೆದು, ಬೀದಿ ದಾಟಿ ಮಷೀನಿಗೆ ಮರಳಿದಳು. ಬಾಗಿಲು ಸರಿದದ್ದೇ ಬಿಳಿ ಹಬೆ ಎಲ್ಲರ ಕಾಲಿನ ಮೇಲೆ ಉರುಳಿ ಬಂತು. ಡಿಗ್ರಿಯಣ್ಣ ಎಲ್ಲರ ಭುಜದ ಮೇಲಿಂದ ಮುಳ್ಳು ನೋಡಿದ.

“ಐದು,” ಎಂದ. ಯಾರೂ ಕೇಳಿರಲಿಲ್ಲ. “ನಾಲ್ಕು ಅಂತ ಹೇಳಿದ್ದೆ ಮೇಡಂ. ಐದಿದೆ.”

ಭಾವ ಅವನ ಕಾಲು ತುಳಿದ. ಮೇಷ್ಟ್ರು ಆಕಾಶ ನೋಡಿದರು.

ಮೇಡಂ ಹೊಸ್ತಿಲ ಮೇಲೆ ನಿಂತು ಮೊದಲ ಕ್ರೇಟು ಎಳೆದರು. ಅದು ಸೊಪ್ಪು. ಮೇಲಿನ ಪದರ ಎತ್ತಿದರು, ಕೆಳಗಿನದು ಲೋಳೆಯಾಗಿತ್ತು. ಪಕ್ಕಕ್ಕಿಟ್ಟರು. ಎರಡನೆಯದೂ ಸೊಪ್ಪು, ಅದನ್ನೂ ಪಕ್ಕಕ್ಕಿಟ್ಟರು. ಸೊಪ್ಪಿನಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಮೇಡಂ ಕ್ಯಾರೆಟ್ ಒಂದನ್ನು ತೆಗೆದು ಮುರಿದರು, ಬೀಟ್‌ರೂಟ್ ಹಿಸುಕಿದರು, ಎಲೆಕೋಸು ಮೂಸಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಚೀಟಿಯಲ್ಲಿ ಗುರುತು ಹಾಕಿಕೊಂಡರು. ಬಾಗಿಲು ಪೂರಾ ತೆರೆದೇ ಇತ್ತು. ಒಂದು ನಿಮಿಷ. ಎರಡು. ಡಿಗ್ರಿಯಣ್ಣ ಮುಳ್ಳು ಐದರಿಂದ ಆರರತ್ತ ತೆವಳುವುದನ್ನು ಕಂಡ. ಹಲ್ಲು ಕಚ್ಚಿದ. ಮೂರು ನಿಮಿಷ.

“ಮೇಡಂ,” ಎಂದ. ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. “ನೋಡೋದಿದ್ರೆ ಒಳಗೆ ಹೋಗಿ ನೋಡಿ, ಇಲ್ಲಾಂದ್ರೆ ಹೊರಗೆ ಬನ್ನಿ. ಹೊಸ್ತಿಲಲ್ಲಿ ನಿಂತ್ರೆ ಎಲ್ಲ ಹಾಳಾಗುತ್ತೆ.”

ಬೀದಿಯಾಚೆ ಟೈಲರಮ್ಮನ ಮಷೀನು ಕೂಡ ನಿಂತಿತು. ‘ಮುಗೀತು’ ಎಂದು ಭಾವ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಮೇಡಂ ಕನ್ನಡಕದ ಮೇಲಿನಿಂದ ಡಿಗ್ರಿಯಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಳಗೆ ಕಾಲಿಟ್ಟು, ಬಾಗಿಲನ್ನು ತಾವೇ ಎಳೆದುಕೊಂಡರು.

ಹನ್ನೆರಡು ಮಂದಿ ಮುಚ್ಚಿದ ಬಾಗಿಲು ನೋಡುತ್ತ ನಿಂತರು. ಯಾರೂ ಡಿಗ್ರಿಯಣ್ಣನ ಕಡೆ ನೋಡಲಿಲ್ಲ. ಅವನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಜೊತೆಗೇ, ಒಳಗಿನ ಲೈಟಿನ ಸ್ವಿಚ್ ಎಲ್ಲಿದೆ ಎಂದು ಅವರಿಗೆ ಹೇಳಲಿಲ್ಲವಲ್ಲ ಎಂಬ ಚಿಂತೆಯೂ ಹತ್ತಿತು.

ಆರು ನಿಮಿಷದ ಮೇಲೆ ಮೇಡಂ ಹೊರಗೆ ಬಂದರು. ಮೂಗಿನ ತುದಿ ಕೆಂಪಗಾಗಿತ್ತು. ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿದರು.

“ಸೊಪ್ಪು ಬೇಡ. ಉಳಿದದ್ದೆಲ್ಲ ವ್ಯಾನಿಗೆ ಹಾಕಿ.” ಚೀಟಿ ಮಡಚಿದರು. “ಲಾರಿಯವನು ಬಾಗಿಲು ತೆಗೆದ್ರೆ ಹಬೆ ಬರಲ್ಲ, ನೊಣ ಬರುತ್ತೆ. ಮುಂದಿನ ಗುರುವಾರವೂ ತನ್ನಿ. ಅವನ ಕಾಗದಕ್ಕೆ ಈ ವಾರ ಸಹಿ ಹಾಕಲ್ಲ. ಮುಂದಿನ ವಾರದ ಮಾತು ಮುಂದಿನ ವಾರ.”

“ವರ್ಷಕ್ಕೆ ಅಂದಿದ್ರಿ…” ಎಂದರು ಮೇಷ್ಟ್ರು.

“ಐದು ಡಿಗ್ರಿಗೆ ಒಂದು ವಾರ,” ಎಂದರು ಮೇಡಂ. ನಕ್ಕರೋ ಇಲ್ಲವೋ ಎಂದು ಆಮೇಲೆ ಬಹಳ ಚರ್ಚೆಯಾಯಿತು. ವ್ಯಾನು ಹತ್ತುವಾಗ ಸೊಪ್ಪಿನಕ್ಕನ ಎದುರು ನಿಂತರು. “ಸೊಪ್ಪನ್ನ ಇದರೊಳಗೆ ಮೂರು ದಿನ ಇಡಬೇಡಮ್ಮ. ಗುರುವಾರ ಬೆಳಿಗ್ಗೆ ಕೊಯ್ದು ಎಂಟರೊಳಗೆ ಕೊಡೋಕಾದ್ರೆ ತಗೋತೀನಿ. ಆರು ಕ್ರೇಟು ಬೇಕು.”

ವ್ಯಾನು ಹೋಯಿತು. ಸೊಪ್ಪಿನಕ್ಕ ಬೆರಳು ಮಡಚಿ ಎಣಿಸುತ್ತಿದ್ದಳು. “ಬೆಳಕು ಹರಿಯೋದೇ ಆರಕ್ಕೆ. ಒಂಟಿ ಹೆಂಗಸು ಎರಡು ಗಂಟೇಲಿ ಆರು ಕ್ರೇಟು ಕೊಯ್ದು ತೊಳೆದು ಕಟ್ಟು ಕಟ್ಟೋದು ಆಗೋ ಮಾತಾ ಅಣ್ಣಾ? ನಾನು ಬಿಟ್ಟುಬಿಡ್ತೀನಿ. ನೀವು ಹತ್ತು ಜನ ಮುಂದುವರಿಸಿ.”

“ಹತ್ತು ಜನ ಅಂದ್ರೆ ಹೇಗಮ್ಮ, ಹಾಜರಿ ಪುಸ್ತಕದಲ್ಲಿ ಹನ್ನೊಂದಿದೆ,” ಎಂದರು ಮೇಷ್ಟ್ರು. “ನಾನೊಂದು ಮಡಿ ಕೊಯ್ತೀನಿ. ಬಗ್ಗೋಕಾಗಲ್ಲ, ಕೂತ್ಕೊಂಡು ಕೊಯ್ತೀನಿ.”

“ನನ್ನ ಎಲೆಕೋಸು ಹೇಗೂ ಬುಧವಾರಕ್ಕೇ ಒಳಗಿರುತ್ತೆ,” ಎಂದ ಭಾವ. “ತಿರುಗಿಸೋಕಂತೂ ನೀವು ಬಿಡಲ್ಲ. ನನಗೂ ಒಂದು ಮಡಿ ಇರಲಿ.” ಇನ್ನಿಬ್ಬರು ಕೈಯೆತ್ತಿದರು. ಭಾವ ಡಿಗ್ರಿಯಣ್ಣನತ್ತ ತಿರುಗಿ, “ಇವನಿಗೂ ಒಂದು ಮಡಿ ಬರ್ಕೊಳ್ಳಿ. ಆ ಹೊತ್ತಿಗೆ ಇಲ್ಲಿದ್ರೆ ಬಾಗಿಲು ತೆಗೀತಾನೆ,” ಎಂದ.

ಕೀಲಿಕೈಗಳನ್ನು ಯಾರೂ ವಾಪಸು ಕೇಳಲಿಲ್ಲ. ಟೈಲರಮ್ಮ ಅವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೊಡುವುದಾಗಿ ಹೇಳಿದಳು.

ಆ ಸಂಜೆ ಹೆಂಡತಿ ಅಂಚೆ ಕಚೇರಿಯಿಂದ ಮನೆಗೆ ಬಂದಾಗ ಡಿಗ್ರಿಯಣ್ಣ ಅಡುಗೆಮನೆಯ ನೆಲದ ಮೇಲೆ ಒಂದು ಕಟ್ಟು ಸೊಪ್ಪು ಹರಡಿಕೊಂಡು, ಚಾಕು ಹಿಡಿದು ಕೂತಿದ್ದ.

“ಗೆದ್ದು ಬಂದ್ರಂತೆ. ಬೀದಿ ಪೂರ್ತಿ ಹೇಳ್ತಿದೆ.”

“ಒಂದು ವಾರ ಅಷ್ಟೇ ಕಣೇ.” ಒಂದು ದಂಟು ಎತ್ತಿ ಅವಳಿಗೆ ತೋರಿಸಿದ. ಹಣೆಯ ಮೇಲೆ ಆಗಲೇ ಬೆವರಿನ ಹನಿಗಳು ಸಾಲುಗಟ್ಟಿದ್ದವು. “ಇದನ್ನ ಬೇರಿಂದ ಎಷ್ಟು ಮೇಲೆ ಕೊಯ್ಯಬೇಕು? ಎರಡು ಬೆರಳಾ, ಮೂರು ಬೆರಳಾ? ತಪ್ಪಿ ಕೆಳಗೆ ಕೊಯ್ದ್ರೆ ಮತ್ತೆ ಚಿಗುರಲ್ವಂತೆ. ಅವಳ ಮಡಿ ನನ್ನಿಂದ ಹಾಳಾದ್ರೆ ಏನೇ ಗತಿ?”

ಅವಳು ಕೈಚೀಲ ಕೆಳಗಿಟ್ಟು ಅವನ ಎದುರು ಕೂತಳು. “ಗುರುವಾರಕ್ಕೆ ಇನ್ನೂ ಏಳು ದಿನ ಇದೆ,” ಎಂದು ಚಾಕು ತೆಗೆದುಕೊಂಡಳು. “ಕೊಡಿ ಇಲ್ಲಿ, ತೋರಿಸ್ತೀನಿ.”